ಗುಲ್ಮಾರ್ಗಿನ ಏಪ್ರಿಲ್ ಹಿಮ: ಜಾರಿದವರು, ಹೊತ್ತವರು

ಏಪ್ರಿಲ್ ತಿಂಗಳ ಮಧ್ಯಾಹ್ನ ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯಲ್ಲಿ ನಿಂತು ಹಿಮದ ಮಾತೆತ್ತಿದರೆ ಕೇಳಿದವರು ನಗದೆ ಇರುವುದಿಲ್ಲ. ತುಂಗಭದ್ರೆ ತನ್ನ ಬಂಡೆಗಳನ್ನೆಲ್ಲ ಬಿಸಿಲಿಗೆ ಹರವಿಕೊಂಡು ಮಲಗುವ ಕಾಲ ಅದು. ದನಗಳು ನೆರಳು ಬಿಟ್ಟು ಕದಲುವುದಿಲ್ಲ, ಜನ ಮಳೆಯ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಕಾಶ್ಮೀರದ ಕಣಿವೆಯಲ್ಲಿ ಸಾಸಿವೆ ಹೊಲಗಳು ಹೂಬಿಟ್ಟು ನೆಲವೆಲ್ಲ ಹಳದಿಯಾಗಿರುತ್ತದೆ. ತಲೆಯೆತ್ತಿದರೆ ಪೀರ್ ಪಂಜಾಲ್ ಬೆಟ್ಟಸಾಲಿನ ಮೇಲೆ ಇನ್ನೂ ಕರಗದ ಹಿಮ. ಹೆಸರಿನಲ್ಲೇ ಸಾಸಿವೆಯ ಸದ್ದಿರುವ ಊರಿನಿಂದ ಆ ಸಾಸಿವೆ ಹೊಲದ ಮೇಲಿನ ಹಿಮವನ್ನು ನೆನೆಯುವುದು ಅಷ್ಟೇನೂ ಅಸಂಗತವಲ್ಲ ಎಂದು ನಮಗನ್ನಿಸುತ್ತದೆ.

ಅಸಂಗತವಲ್ಲ ಎನ್ನಲು ಇನ್ನೊಂದು ಕಾರಣವೂ ಇದೆ. ಚಳಿಗಾಲದಲ್ಲಿ ಹೆಗಲ ಮೇಲೆ ಗಂಟು ಹೊತ್ತು ನಮ್ಮ ದಾವಣಗೆರೆ, ಶಿವಮೊಗ್ಗದ ಬೀದಿಗಳಿಗೆ ಶಾಲು ಮಾರಲು ಬರುವ ಕಾಶ್ಮೀರಿಗಳನ್ನು ನಾವೆಲ್ಲ ನೋಡಿದ್ದೇವೆ. ಅವರ ಬಳಿ ಶಾಲಿನ ಬೆಲೆ ಚೌಕಾಸಿ ಮಾಡಿದ್ದೇವೆಯೇ ಹೊರತು ಹಿಮದ ಬಗ್ಗೆ ಕೇಳಿದವರಲ್ಲ. ಕೇಳಲು ನಮ್ಮಲ್ಲಿ ಮಾತೂ ಇಲ್ಲ. ಕನ್ನಡದಲ್ಲಿ ಹಿಮ ಪುಸ್ತಕದ ಪದ. ಮಂಜು ಎಂದರೆ ಮಲೆನಾಡಿನವರಿಗೆ ಬೆಳಗಿನ ಕಾವಳ. ಹಳ್ಳಿಯಲ್ಲಿ ಟಿವಿ ನೋಡುವ ಹುಡುಗರು ಎರಡನ್ನೂ ಬಿಟ್ಟು 'ಐಸ್' ಎನ್ನುತ್ತಾರೆ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್‌ಗಂತೂ ನಮ್ಮಲ್ಲಿ ಹೆಸರೇ ಇಲ್ಲ. ಆದರೂ ಈ ವಿದ್ಯೆಯ ಚರಿತ್ರೆಯಲ್ಲಿ ಕನ್ನಡ ನಾಡಿನವರ ಪಾತ್ರ ಸಣ್ಣದಲ್ಲ. ಅದು ಕ್ರೀಡೆಯ ಬಾಗಿಲಿನಿಂದ ಬಂದದ್ದಲ್ಲ, ಯುದ್ಧದ ಬಾಗಿಲಿನಿಂದ ಬಂದದ್ದು.

ಮೊದಲು ಈ ಏಪ್ರಿಲ್ ಹಿಮದ ಗುಣವನ್ನು ಸ್ವಲ್ಪ ತಿಳಿಯಬೇಕು. ಜನವರಿಯ ಹಿಮ ಹೊಸದು, ಹಗುರ, ಹತ್ತಿಯಂತೆ. ವಸಂತದ ಹಿಮ ಹಳೆಯದು. ಹಗಲು ಬಿಸಿಲಿಗೆ ಅದರ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನವೂ ಕರಗಿ ಹೆಪ್ಪುಗಟ್ಟಿ ಹಿಮದ ಕಣಗಳು ಜೋಳದ ಕಾಳಿನಷ್ಟು ದಪ್ಪ ಹರಳುಗಳಾಗುತ್ತವೆ. ನಸುಕಿನಲ್ಲಿ ಆ ನೆಲ ಗಾಜಿನಂತೆ ಗಟ್ಟಿ. ಕಾಲಿಟ್ಟರೆ ಹುಗಿಯುವುದಿಲ್ಲ, ಆದರೆ ಜಾರಿದರೆ ನಿಲ್ಲುವುದೂ ಇಲ್ಲ. ಬಿಸಿಲೇರಿದ ಮೇಲೆ ಒಂದೆರಡು ಗಂಟೆ ಕಾಲ ಮೇಲಿನ ಒಂದೆರಡು ಅಂಗುಲ ಮಾತ್ರ ಮೆತ್ತಗಾಗುತ್ತದೆ. ಬಲ್ಲವರು ಕಾಯುವುದು ಆ ಗಳಿಗೆಗೆ. ಅದಕ್ಕಿಂತ ತಡವಾದರೆ ನೀರು ಪದರಪದರಕ್ಕೆ ಇಳಿದು ಇಡೀ ಇಳಿಜಾರು ಒದ್ದೆ ಸಿಮೆಂಟಿನಂತೆ ಕಳಚಿಕೊಂಡು ಬರಬಹುದು. ಹಾಗಾಗಿ ವಸಂತದಲ್ಲಿ ಕತ್ತಲಿರುವಾಗಲೇ ಹತ್ತಲು ಹೊರಟು ಮಧ್ಯಾಹ್ನದೊಳಗೆ ಕೆಳಗಿರಬೇಕು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಯಂತ್ರದಿಂದ ಹದಮಾಡಿ ಬಾವುಟ ನೆಟ್ಟ ದಾರಿಯಲ್ಲಾದರೆ ಇದನ್ನೆಲ್ಲ ಬೇರೆ ಯಾರೋ ಲೆಕ್ಕ ಹಾಕಿರುತ್ತಾರೆ. ಆ ದಾರಿ ಬಿಟ್ಟು ಬೆಟ್ಟದ ಮೈಮೇಲೆ ಇಳಿಯುವವರು, ಸ್ಕೀಯವರ ಮಾತಿನಲ್ಲಿ ಆಫ್-ಪಿಸ್ಟ್ ಹೋಗುವವರು, ಲೆಕ್ಕವನ್ನು ತಾವೇ ಹಾಕಬೇಕು. ಬೇಸಾಯಗಾರ ಮಣ್ಣಿನ ಹದ ನೋಡುತ್ತಾನಲ್ಲ, ಹೆಚ್ಚುಕಡಿಮೆ ಅಂಥದೇ ವಿದ್ಯೆ. ಹದ ತಪ್ಪಿದರೆ ಅಲ್ಲಿ ಬೆಳೆ ಹೋಗುತ್ತದೆ, ಇಲ್ಲಿ ಜೀವ.

ಕಾಶ್ಮೀರದ ಸಾಮಾನ್ಯರಿಗೆ ಈ ತಿಳಿವಳಿಕೆ ಸ್ಕೀ ಪಟ್ಟಿಗಳಿಗಿಂತ ಬಹಳ ಹಿಂದಿನದು. ಅವರು ಚಳಿಗಾಲವನ್ನು ಮೂರು ಭಾಗ ಮಾಡಿದ್ದಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಮುಂದಿನ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಯ ಹತ್ತು ದಿನ ಚಿಲ್ಲೈ ಬಚ್ಚಾ. ಚಿಲ್ಲಾ ಎಂಬ ಪದವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸೂಫಿಗಳು ನಲವತ್ತು ದಿನ ಏಕಾಂತದಲ್ಲಿ ಕೂರುವುದಕ್ಕೂ, ಅವರು ಕೂತ ಜಾಗಕ್ಕೂ ಕರ್ನಾಟಕದ ದರ್ಗಾಗಳಲ್ಲಿ ಇದೇ ಹೆಸರು. ಫಾರ್ಸಿಯ ನಲವತ್ತು ಅಲ್ಲಿ ಚಳಿಯ ಲೆಕ್ಕವಾಯಿತು, ಇಲ್ಲಿ ತಪಸ್ಸಿನ ಲೆಕ್ಕವಾಯಿತು. ಚಿಲ್ಲೈ ಕಲಾನ್‌ನಲ್ಲಿ ಬಿದ್ದ ಹಿಮ ನಿಲ್ಲುತ್ತದೆ, ಬೇಸಿಗೆಯ ತೊರೆಗಳಿಗೆ ನೀರಾಗುತ್ತದೆ. ಆಮೇಲೆ ಬಿದ್ದದ್ದು ಬೇಗ ಕರಗುತ್ತದೆ ಎಂಬುದು ಅಲ್ಲಿನ ರೈತರ ಅನುಭವ. ಹುಲ್ಲು ಹೆಣೆದು ಮಾಡಿದ ಪುಲ್ಹೋರ್ ಎಂಬ ಪಾದರಕ್ಷೆ ತೊಟ್ಟು ಅವರು ಹಿಮದ ಮೇಲೆ ನಡೆದರು. ಜಾರಲಿಲ್ಲ. ಜಾರದೆ ಇರುವುದೇ ಅವರ ವಿದ್ಯೆಯಾಗಿತ್ತು.

ದಂಡೆತ್ತಿ ಬಂದವರೂ ಹಿಮ ದಾಟಿಯೇ ಬಂದರು. ಬಾಬರನ ಚಿಕ್ಕಮ್ಮನ ಮಗ ಮಿರ್ಜಾ ಹೈದರ್ ದುಘ್ಲಾತ್ 1532-33ರ ಚಳಿಗಾಲದಲ್ಲಿ ಲಡಾಖಿನ ಕಡೆಯಿಂದ ಜೋಜಿಲಾ ಕಣಿವೆ ದಾಟಿ ಕಾಶ್ಮೀರಕ್ಕಿಳಿದ. ಮುಂದೆ ತಾನೇ 'ತಾರೀಖ್-ಎ-ರಶೀದಿ' ಬರೆದ ಕಾರಣ ಅವನ ಹೆಸರು ಉಳಿಯಿತು. ಅವನ ಸಾಮಾನು ಹೊತ್ತವರ ಹೆಸರು ಯಾವ ತಾರೀಖಿನಲ್ಲೂ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರೆ ಈ ಹೊರುವಿಕೆ ಇನ್ನೂ ಕ್ರೂರವಾಗುತ್ತದೆ. ಡೋಗ್ರಾ ಅರಸರ ಕಾಲದಲ್ಲಿ ಗಿಲ್ಗಿಟ್ ಠಾಣ್ಯಕ್ಕೆ ದಿನಸಿ ಸಾಗಿಸಲು ಕಣಿವೆಯ ಹಳ್ಳಿಗರನ್ನು ಬೇಗಾರಕ್ಕೆ ಹಿಡಿದೊಯ್ಯುತ್ತಿದ್ದರು. ನಮ್ಮಲ್ಲಿ ಬಿಟ್ಟಿ ಬೇಗಾರಿ ಎನ್ನುತ್ತೇವಲ್ಲ, ಅದೇ. ಹಿಮದ ಘಟ್ಟಗಳನ್ನು ಹೊರೆ ಹೊತ್ತು ದಾಟುವಾಗ ಸತ್ತವರು ಎಷ್ಟೋ ಮಂದಿ. 1889ರಿಂದ ಕಾಶ್ಮೀರದಲ್ಲಿ ಭೂಕಂದಾಯ ಗೊತ್ತುಮಾಡುವ ಕೆಲಸಕ್ಕಿದ್ದ ವಾಲ್ಟರ್ ಲಾರೆನ್ಸ್ ಎಂಬ ಬ್ರಿಟಿಷ್ ಅಧಿಕಾರಿ 1895ರ ತನ್ನ ಗ್ರಂಥದಲ್ಲಿ ಈ ಬೇಗಾರದ ಬಗ್ಗೆ ಬರೆದಿದ್ದಾನೆ. ಹಿಮವನ್ನು ಆಟದ ಮೈದಾನವೆಂದು ನೋಡಲು ಆ ಹಳ್ಳಿಗರಿಗೆ ಮನಸ್ಸು ಎಲ್ಲಿಂದ ಬರಬೇಕು?

ಮೈದಾನವೆಂದು ನೋಡಿದವರು ಬ್ರಿಟಿಷ್ ಸೈನ್ಯಾಧಿಕಾರಿಗಳು. ಶ್ರೀನಗರದಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಗುಲ್ಮಾರ್ಗ್, ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲು. ಗೌರಿಮಾರ್ಗ್ ಎಂದಿದ್ದ ಹೆಸರನ್ನು ಗುಲ್ಮಾರ್ಗ್, ಅಂದರೆ ಹೂವಿನ ಹುಲ್ಲುಗಾವಲು ಎಂದು ಬದಲಿಸಿದವನು ಹದಿನಾರನೇ ಶತಮಾನದ ಯೂಸುಫ್ ಷಾ ಚಕ್ ಎಂದು ಹೇಳುತ್ತಾರೆ. ಈ ದೊರೆಯನ್ನು ಅಕ್ಬರ್ ಸೆರೆಯಲ್ಲಿಟ್ಟ. ಅವನ ಸಮಾಧಿ ಇರುವುದು ಹಿಮ ಕಾಣದ ಬಿಹಾರದಲ್ಲಿ. ಅವನಿಗಾಗಿ ಹಬ್ಬಾ ಖಾತೂನ್ ಹಾಡಿದಳೆನ್ನುವ ಹಾಡುಗಳನ್ನು ಕಾಶ್ಮೀರಿ ಹೆಂಗಸರು ಇಂದಿಗೂ ಹಾಡುತ್ತಾರೆ. ಇರಲಿ, ಅದು ಬೇರೆಯೇ ಕತೆ. ಬೇಸಿಗೆಯಲ್ಲಿ ಗಾಲ್ಫ್ ಆಡಲು ಗುಲ್ಮಾರ್ಗಿಗೆ ಹತ್ತುತ್ತಿದ್ದ ಬ್ರಿಟಿಷರು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಸ್ಥಾಪಿಸಿದರು. ವರ್ಷಕ್ಕೆ ಎರಡು ಕೂಟ: ಒಂದು ಕ್ರಿಸ್‌ಮಸ್‌ಗೆ, ಇನ್ನೊಂದು ಈಸ್ಟರ್‌ಗೆ.

ಈಸ್ಟರ್ ಹಬ್ಬ ಮಾರ್ಚ್ 22ಕ್ಕೂ ಏಪ್ರಿಲ್ 25ಕ್ಕೂ ನಡುವೆ ಯಾವ ಭಾನುವಾರವಾದರೂ ಬರಬಹುದು. ಅಂದರೆ ನಾವು ಹೇಳುತ್ತಿರುವ ವಸಂತದ ಹಿಮದಲ್ಲೇ ಆ ಎರಡನೇ ಕೂಟ ನಡೆಯುತ್ತಿತ್ತು. ಆ ಹೊತ್ತಿಗೆ ತಗ್ಗಿನ ಹಿಮ ತೆಳುವಾಗಿ, ಒಳ್ಳೆಯ ಹಿಮ ಬೇಕೆಂದರೆ ಖಿಲನ್‌ಮರ್ಗ್ ದಾಟಿ ಅಫರ್‌ವತ್ ಬೆಟ್ಟದ ಕಡೆ ಏರಬೇಕು. ಮೇಲಕ್ಕೆಳೆದು ಒಯ್ಯುವ ತಂತಿ-ತೊಟ್ಟಿಲುಗಳು ಇಲ್ಲದ ಕಾಲ. ಐದು ನಿಮಿಷದ ಜಾರುವಿಕೆಗೆ ಗಂಟೆಗಟ್ಟಲೆ ಹತ್ತುವುದು. ಹದಮಾಡಿದ ದಾರಿಯೂ ಇಲ್ಲ, ಹಾಗಾಗಿ ಅಂದು ನಡೆದದ್ದೆಲ್ಲ ಆಫ್-ಪಿಸ್ಟ್‌ ಸ್ಕೀಯಿಂಗೇ. ಇಂದು ಇದನ್ನೇ ದುಬಾರಿ ಸಾಹಸವೆಂದು ಮಾರುತ್ತಾರೆ ಎಂಬುದು ತಮಾಷೆ. ಸಾಹೇಬರ ಗಂಟುಮೂಟೆಗಳು ಟಂಗ್‌ಮರ್ಗ್‌ನಿಂದ ಗುಲ್ಮಾರ್ಗಿಗೆ ಏರುತ್ತಿದ್ದುದು ಸುತ್ತಲಿನ ಹಳ್ಳಿಗರ ಬೆನ್ನ ಮೇಲೆ, ಕುದುರೆಗಳ ಮೇಲೆ. ಕೂಲಿ ಸಿಗುತ್ತಿತ್ತು, ಬೇಗಾರವಲ್ಲ. ಇಷ್ಟು ಬದಲಾವಣೆ ಆಗಿತ್ತೆನ್ನಬೇಕು.

1947ರಲ್ಲಿ ಸಾಹೇಬರು ಹೊರಟುಹೋದರು. ಅದೇ ವರ್ಷ ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು. ಇಲ್ಲಿ ನಮ್ಮ ನಾಡಿನವರು ಬರುತ್ತಾರೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. 1948ರಲ್ಲಿ ಅವರು ಕಾಶ್ಮೀರದ 19ನೇ ಪದಾತಿ ಡಿವಿಜನ್ನಿನ ಮುಖ್ಯಸ್ಥರು. ಕೊಡಗಿನ ಮಳೆ ಬಲ್ಲವರು, ಹಿಮದ ನಾಡಿನವರಲ್ಲ. ಆ ವರ್ಷ ಲೇಹ್‌ಗೆ ಹೋಗುವ ದಾರಿಯ ಹೆಬ್ಬಾಗಿಲಾದ ಜೋಜಿಲಾ ಎದುರಾಳಿಗಳ ಕೈಯಲ್ಲಿತ್ತು. ಹನ್ನೊಂದು ಸಾವಿರ ಅಡಿಗೂ ಮೇಲ್ಪಟ್ಟ ಆ ಘಟ್ಟವನ್ನು ಕಾಲಾಳುಗಳಿಂದ ಹಿಡಿಯುವ ಸೆಪ್ಟೆಂಬರಿನ ಪ್ರಯತ್ನ ಸೋತಿತು. ಚಳಿಗಾಲ ಬಂದರೆ ಘಟ್ಟ ಮುಚ್ಚುತ್ತದೆ, ಲೇಹ್ ಒಂಟಿಯಾಗುತ್ತದೆ. ಆಗ ತಿಮ್ಮಯ್ಯ ಯಾರೂ ನೆನೆಯದ ಕೆಲಸ ಮಾಡಿದರು: ಸ್ಟುವರ್ಟ್ ಟ್ಯಾಂಕುಗಳನ್ನು ಘಟ್ಟ ಹತ್ತಿಸಿದರು. 1948ರ ನವೆಂಬರ್ 1ರಂದು ಆ ಟ್ಯಾಂಕುಗಳು ಜೋಜಿಲಾ ದಾಟಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರೆಂದು ಸೈನ್ಯದ ಚರಿತ್ರಕಾರರು ಬರೆಯುತ್ತಾರೆ.

ಈ ಕತೆಯಲ್ಲಿ ಟ್ಯಾಂಕುಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಟ್ಯಾಂಕು ಹೋಗಲು ದಾರಿ ಬೇಕಲ್ಲ? ಬಾಲ್ತಾಲಿನಿಂದ ಘಟ್ಟದವರೆಗಿನ ಹೇಸರಗತ್ತೆ ದಾರಿಯನ್ನು ಶತ್ರುವಿನ ಗುಂಡಿನ ಕೆಳಗೆ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಈ ಪಡೆಯ ಕೇಂದ್ರ ಬೆಂಗಳೂರಿನ ಹಲಸೂರು. ಹಿಮವನ್ನೇ ಕಾಣದ ದಕ್ಷಿಣದ ಹುಡುಗರು ಹಾರೆ, ಗುದ್ದಲಿ, ಸಿಡಿಮದ್ದು ಹಿಡಿದು ಆ ಬಂಡೆ ಕಡಿದರು. ತಿಮ್ಮಯ್ಯನವರ ಹೆಸರು ಪಠ್ಯಪುಸ್ತಕದಲ್ಲಿದೆ. ದಾರಿ ಕಡಿದವರನ್ನು ಸೈನ್ಯದಲ್ಲಿ 'ತಂಬಿ'ಗಳು ಎನ್ನುತ್ತಾರೆ, ಅಷ್ಟೇ. ತಮ್ಮಂದಿರು.

ಆ ನವೆಂಬರಿನಲ್ಲೇ ಲೇಹ್‌ನ ದಾರಿ ತೆರೆಯಿತು. ಮುಂದಿನ ತಿಂಗಳು, 1948ರ ಡಿಸೆಂಬರಿನಲ್ಲಿ, ತಿಮ್ಮಯ್ಯ ಗುಲ್ಮಾರ್ಗಿನಲ್ಲಿ ತಮ್ಮ ಡಿವಿಜನ್ನಿಗೆಂದು ಒಂದು ಶಾಲೆ ತೆರೆದರು. ಹೆಸರು 19 ಪದಾತಿ ಡಿವಿಜನ್ ಸ್ಕೀ ಶಾಲೆ. ಸಾಹೇಬರು ಕ್ರಿಸ್‌ಮಸ್‌ಗೆ ಜಾರುತ್ತಿದ್ದ ಇಳಿಜಾರಿನಲ್ಲೇ ಈಗ ಸಿಪಾಯಿಗಳ ಪಾಠ. ಯುದ್ಧವಿರಾಮ ಜಾರಿಗೆ ಬಂದದ್ದು 1949ರ ಜನವರಿ 1ಕ್ಕೆ; ಅಂದರೆ ಶಾಲೆ ಶುರುವಾಗುವಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಈ ಚಿಕ್ಕ ಶಾಲೆ ಆಮೇಲೆ ಚಳಿಗಾಲದ ಯುದ್ಧಶಾಲೆಯಾಗಿ, 1962ರಲ್ಲಿ ಅತ್ಯುನ್ನತ ಪ್ರದೇಶಗಳ ಯುದ್ಧಶಾಲೆ ಎಂಬ ಹೆಸರು ಪಡೆಯಿತು. ಇಂದು ಲೋಕದ ನಾನಾ ದೇಶಗಳ ಸೈನಿಕರು ಅಲ್ಲಿಗೆ ಕಲಿಯಲು ಬರುತ್ತಾರೆ. ಭಾರತದಲ್ಲಿ ಸ್ಕೀಯಿಂಗ್ ಉಳಿದು ಬೆಳೆದದ್ದಕ್ಕೆ ಬ್ರಿಟಿಷರ ಕ್ಲಬ್ಬಿಗಿಂತ ಮಡಿಕೇರಿಯ ಈ ಮನುಷ್ಯ ತೆರೆದ ಶಾಲೆಯೇ ಹೆಚ್ಚು ಕಾರಣ ಎಂಬುದು ನಮ್ಮ ಅಭಿಪ್ರಾಯ. ಕ್ಲಬ್ಬು ರಜೆಗೆ ಬಂದವರದು. ರಜೆ ಮುಗಿದ ಮೇಲೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಶಾಲೆ ಹಾಗಲ್ಲ. ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನೋಡಲು ಹೋಗುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಈ ಸ್ಕೀ ಶಾಲೆಯ ಸಂಗತಿ ಗೊತ್ತಿದೆಯೋ.

ಆ ಶಾಲೆಯ ಮುಖ್ಯಸ್ಥರಾಗಿ 1970ರ ದಶಕದಲ್ಲಿದ್ದವರು ಕರ್ನಲ್ ನರೇಂದ್ರ ಕುಮಾರ್. 1961ರಲ್ಲಿ ನೀಲಕಂಠ ಶಿಖರದಲ್ಲಿ ಹಿಮಕಡಿತಕ್ಕೆ ನಾಲ್ಕು ಕಾಲ್ಬೆರಳು ಕಳೆದುಕೊಂಡಿದ್ದ ಆಳು. 1978ರಲ್ಲಿ ಅವರು ಶಾಲೆಯ ತಂಡ ಕಟ್ಟಿಕೊಂಡು ಸಿಯಾಚಿನ್ ಹಿಮನದಿಯ ಮೇಲೆ ಹೋದರು. ಅದರ ಬೆನ್ನಿಗೆ ನಡೆದ ಘಟನೆಗಳೇ 1984ರ ಏಪ್ರಿಲ್ 13ರ ಕಾರ್ಯಾಚರಣೆಗೆ ದಾರಿಯಾದವು. ಅಂದು ಬೈಸಾಖಿ. ಬಯಲಿನಲ್ಲಿ ಗೋಧಿ ಸುಗ್ಗಿಯ ಹಬ್ಬವಾಗುತ್ತಿದ್ದಾಗ ಕುಮಾಂವ್ ರೆಜಿಮೆಂಟಿನ ಸೈನಿಕರನ್ನು ಹೆಲಿಕಾಪ್ಟರುಗಳು ಬಿಲಾಫೊಂಡ್ ಲಾ ಎಂಬ ಘಟ್ಟದ ಹಿಮದ ಮೇಲೆ ಇಳಿಸಿದವು. ಅಂದಿನಿಂದ ಅಲ್ಲಿಂದ ಯಾರೂ ಇಳಿದಿಲ್ಲ. ಗುಂಡಿಗಿಂತ ಚಳಿ ಮತ್ತು ಹಿಮಕುಸಿತಗಳೇ ಅಲ್ಲಿ ಹೆಚ್ಚು ಜೀವ ತೆಗೆದಿವೆ. ಅಂದಹಾಗೆ 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀ ಸ್ಪರ್ಧೆಗಿಳಿದ ಶೈಲಜಾ ಕುಮಾರ್, ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳೆ, ಈ ಕರ್ನಲ್ಲರ ಮಗಳು. ಒಂದೇ ಮನೆಯಲ್ಲಿ ಹಿಮ ಯುದ್ಧವೂ ಆಯಿತು, ಆಟವೂ ಆಯಿತು.

ಎತ್ತರದ ಹಿಮದಲ್ಲಿ ಸ್ಕೀ ಹಾಕಿದ ಸಾಹಸಿಗಳ ಹೆಸರುಗಳಿಗೆ ಲೋಕದಲ್ಲಿ ಬರವಿಲ್ಲ. ಜಪಾನಿನ ಯುಇಚಿರೊ ಮಿಯುರಾ 1970ರ ಮೇ 6ರಂದು ಎವರೆಸ್ಟಿನ ಸುಮಾರು ಎಂಟು ಸಾವಿರ ಮೀಟರ್ ಎತ್ತರದಿಂದ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಜಾರಿದ. ಕೊನೆಗೆ ಬಿದ್ದು ಉರುಳಿ, ದೊಡ್ಡ ಬಿರುಕಿನ ಸಮೀಪ ನಿಂತು ಬದುಕಿದ. ಅದರ ಚಲನಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ 5ರಂದು, ಅವನ ತಂಡದ ಹೊರೆ ಹೊತ್ತು ಖುಂಬು ಹಿಮಪ್ರವಾಹ ದಾಟುತ್ತಿದ್ದ ಆರು ಮಂದಿ ಶೆರ್ಪಾಗಳು ಕುಸಿದ ಹಿಮದಡಿ ಸತ್ತಿದ್ದರು. ಆಸ್ಕರ್ ನೆನಪಿರುವವರಿಗೆ ಆ ಆರು ಮಂದಿಯ ಹೆಸರು ಹೇಳಲು ಬಾರದು. ಸ್ವಿಟ್ಜರ್ಲೆಂಡಿನ ಸಿಲ್ವೆನ್ ಸೊದಾಂ 1977ರಲ್ಲಿ ನಮ್ಮ ನುನ್ ಶಿಖರದಿಂದಲೂ, 1982ರಲ್ಲಿ ಎಂಟು ಸಾವಿರ ಮೀಟರ್ ಮೀರಿದ ಗಾಶರ್‌ಬ್ರುಮ್ ಒಂದರಿಂದಲೂ ಸ್ಕೀ ಮೇಲೆ ಇಳಿದವನು. 1980ರ ದಶಕದ ಕೊನೆಗೆ ಅವನೇ ಗುಲ್ಮಾರ್ಗಿಗೆ ಬಂದು ಶ್ರೀಮಂತ ವಿದೇಶಿಯರನ್ನು ಹೆಲಿಕಾಪ್ಟರಿನಲ್ಲಿ ಬೆಟ್ಟದ ನೆತ್ತಿಗೆ ಒಯ್ದು ಬಿಡುವ ಉದ್ಯಮ ನಡೆಸಿದ. ಕಣಿವೆಯಲ್ಲಿ ಬಂದೂಕುಗಳ ಸದ್ದು ಏರಿದ ಮೇಲೆ ಅದೂ ನಿಂತಿತು.

ಆ ಕಾಲದಲ್ಲೇ ಅರ್ಧಕ್ಕೆ ನಿಂತಿದ್ದ ಗೊಂಡೋಲಾ, ಅಂದರೆ ತಂತಿ ಮೇಲಿನ ತೊಟ್ಟಿಲು, ಮತ್ತೆ ಕೈಗೆತ್ತಿಕೊಂಡು 1998ರಲ್ಲಿ ಕೊಂಗ್‌ಡೂರಿಯವರೆಗೆ ಓಡಿತು. 2005ರಲ್ಲಿ ಅದರ ಎರಡನೇ ಹಂತ ಅಫರ್‌ವತ್‌ನ ಭುಜದವರೆಗೆ, ಹತ್ತಿರ ಹತ್ತಿರ ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ತಲುಪಿತು. ಗಂಟೆಗಟ್ಟಲೆಯ ಹತ್ತುವಿಕೆ ನಿಮಿಷಗಳ ಮಾತಾಯಿತು. ಮೇಲಿನ ನಿಲ್ದಾಣದಿಂದ ಇಳಿಯುವ ಬೆಟ್ಟದ ಮೈ ಬಹುಪಾಲು ಹದಮಾಡದ್ದು. ಆಫ್-ಪಿಸ್ಟ್ ಹಿಮ ಹುಡುಕುವ ಯುರೋಪು, ಆಸ್ಟ್ರೇಲಿಯಾದವರ ಕಿವಿಗೆ ಗುಲ್ಮಾರ್ಗಿನ ಹೆಸರು ಬಿದ್ದದ್ದು ಈಗ.

ಇದರಿಂದ ಸುತ್ತಲಿನ ಹಳ್ಳಿಗಳಲ್ಲಿ ಏನಾಯಿತು ಎಂಬುದು ನಮಗೆ ಹೆಚ್ಚು ಕುತೂಹಲದ ವಿಷಯ. ಹೊರೆ ಹೊರುವವರ ಮಕ್ಕಳು, ಪ್ರವಾಸಿಗರನ್ನು ಮರದ ಸ್ಲೆಡ್ಜಿನಲ್ಲಿ ಕೂರಿಸಿ ಹಗ್ಗ ಹಿಡಿದೆಳೆಯುವವರ ಮಕ್ಕಳು ಸ್ಕೀ ಹಾಕಿದರು. ಅಪ್ಪಂದಿರು ಎಳೆದ ದಾರಿಯಲ್ಲೇ ಮಕ್ಕಳು ಮಾರ್ಗದರ್ಶಿಗಳಾದರು, ಶಿಕ್ಷಕರಾದರು, ಹಿಮಕುಸಿತದ ಅಪಾಯ ನೋಡಿ ಹೇಳುವ ಗಸ್ತಿನವರಾದರು. 1988ರಲ್ಲಿ ಶೈಲಜಾ ಅವರ ಜೊತೆಯಲ್ಲೇ ಕ್ಯಾಲ್ಗರಿಗೆ ಹೋದ ಗುಲ್ ಮುಸ್ತಫಾ ದೇವ್ ಕಾಶ್ಮೀರದ ಮೊದಲ ಚಳಿಗಾಲದ ಒಲಿಂಪಿಕ್ ಪಟು. ಟಂಗ್‌ಮರ್ಗ್ ಸಮೀಪದ ಹಾಜಿಬಲ್ ಹಳ್ಳಿಯ ಆರಿಫ್ ಖಾನ್‌ರ ತಂದೆ ಗುಲ್ಮಾರ್ಗಿನಲ್ಲಿ ಸ್ಕೀ ಸಾಮಾನಿನ ಅಂಗಡಿ ಇಟ್ಟಿದ್ದವರು. ಮಗ ನಾಲ್ಕು ವರ್ಷಕ್ಕೇ ಹಿಮಕ್ಕಿಳಿದ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ ಆತ. ನೂರಮೂವತ್ತು ಕೋಟಿಗೂ ಮೀರಿದ ಜನರ ಧ್ವಜ ಹಿಡಿದು ಮೈದಾನಕ್ಕೆ ಬಂದವನು ಬೇಗಾರಕ್ಕೆ ಹಿಡಿದೊಯ್ಯಲಾಗುತ್ತಿದ್ದ ಜನರ ನಾಡಿನ ಹುಡುಗ. ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ. ಪದಕವಿಲ್ಲವೆಂದು ಪತ್ರಿಕೆಗಳು ಮರುದಿನ ಮರೆತವು. ನಾವು ಮರೆಯಬೇಕಿಲ್ಲ.

ಹಿಮ ಯಾರನ್ನೂ ಹೆಸರು ಕೇಳಿ ಕೊಲ್ಲುವುದಿಲ್ಲ. 2010ರ ಫೆಬ್ರುವರಿ 8ರಂದು ಖಿಲನ್‌ಮರ್ಗ್‌ನಲ್ಲಿ ತಿಮ್ಮಯ್ಯನವರ ಶಾಲೆಯಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಹಿಮ ಕಲಿಯಲು ಬಂದವರು, ಕಲಿಸುವವರ ಕಣ್ಣೆದುರೇ. 2023ರ ಫೆಬ್ರುವರಿ 1ರಂದು ಅಫರ್‌ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬ ಸ್ಕೀಯಾಳು ಹದಮಾಡದ ಇಳಿಜಾರಿನಲ್ಲೇ ಸತ್ತರು. ಹಿಮದಡಿ ಹೂತವರನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬಹುಪಾಲು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಆ ಹದಿನೈದು ನಿಮಿಷದಲ್ಲಿ ದೂರದಿಂದ ಯಾರೂ ಬರಲಾಗುವುದಿಲ್ಲ. ಜೊತೆಗಿದ್ದವನು ಅಗೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟೆಲ್ಲ ಲೆಕ್ಕವನ್ನು ಸುಳ್ಳು ಮಾಡಿದ ಒಬ್ಬ ಕನ್ನಡಿಗನನ್ನು ಕರ್ನಾಟಕ ಮರೆತಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ, 19ನೇ ಮದ್ರಾಸ್ ಪಡೆಯ ಲಾನ್ಸ್ ನಾಯಕ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಇನ್ನಿಬ್ಬರು ಹಾಸನ ಮತ್ತು ಮೈಸೂರು ಜಿಲ್ಲೆಗಳವರು. ಇಪ್ಪತ್ತೈದು ಅಡಿಗೂ ಆಳದ ಗಟ್ಟಿ ಹಿಮ ಕೊರೆದು, ನಾಯಿಗಳ ಮೂಗು ನಂಬಿ ಹುಡುಕಿದವರಿಗೆ ಆರು ದಿನಗಳ ನಂತರ ಹನುಮಂತಪ್ಪ ಉಸಿರಾಡುತ್ತಿದ್ದುದು ಕಂಡಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು. ಆ ಎರಡು ಮೂರು ದಿನ ಕರ್ನಾಟಕದ ಮಸೀದಿ, ಮಂದಿರ, ಚರ್ಚುಗಳಲ್ಲಿ ಒಂದೇ ಪ್ರಾರ್ಥನೆ ನಡೆಯಿತು. ಬೆಟದೂರು ಕಪ್ಪು ಮಣ್ಣಿನ ಊರು. ಅಲ್ಲಿಂದ ಆ ಎತ್ತರಕ್ಕೆ ಹೋದವನು ಸಾಹಸಕ್ಕಾಗಿ ಹೋದವನಲ್ಲ, ನೌಕರಿಗಾಗಿ ಹೋದವನು. ಗಿಲ್ಗಿಟ್ಟಿನ ದಾರಿಯ ಬೇಗಾರಿಗೂ ಸೋನಂ ಠಾಣ್ಯದ ಸಿಪಾಯಿಗೂ ದೊಡ್ಡ ವ್ಯತ್ಯಾಸವಿದೆ, ಒಪ್ಪುತ್ತೇವೆ. ಒಬ್ಬನಿಗೆ ಗೌರವ ಸಿಕ್ಕಿತು, ಸಂಬಳವೂ ಇತ್ತು. ಆದರೆ ಹಿಮದ ಹತ್ತಿರ ಹೋಗುವವರು ಯಾವ ಮನೆಗಳಿಂದ ಹೋಗುತ್ತಾರೆ ಎಂಬುದು ಅಷ್ಟಾಗಿ ಬದಲಾಗಿಲ್ಲ.

ಇನ್ನೊಂದು ಏಪ್ರಿಲ್ ಇದೆ, ಅದನ್ನು ದಾಟಿ ಹೋಗಲು ಆಗದು. 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ಒಬ್ಬರು ಶಿವಮೊಗ್ಗದವರು. 1997ರವರೆಗೆ ಹೊನ್ನಾಳಿ, ಚನ್ನಗಿರಿಗಳೂ ಶಿವಮೊಗ್ಗ ಜಿಲ್ಲೆಯವೇ ಆಗಿದ್ದವು, ಸಾಸ್ವೆಹಳ್ಳಿಯವರಿಗೆ ಅದು ಇಂದಿಗೂ ಪಕ್ಕದ ಪೇಟೆ. ಸತ್ತವರಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಹತ್ತಿಸಿ ಕರೆದೊಯ್ಯುತ್ತಿದ್ದ ಸ್ಥಳೀಯ ಮುಸ್ಲಿಮನೂ ಒಬ್ಬ. ಬಂದೂಕಿನವರನ್ನು ತಡೆಯಲು ಹೋಗಿ ಸತ್ತನೆಂದು ಅವನ ಊರಿನವರು ಹೇಳುತ್ತಾರೆ. ಆ ವಸಂತದಲ್ಲಿ ಕಾಶ್ಮೀರದ ಹಲವು ಪ್ರವಾಸಿ ತಾಣಗಳಿಗೆ ಬೀಗ ಬಿತ್ತು. ಮುಂದಿನ ಚಳಿಗಾಲಕ್ಕೆ ನಮ್ಮ ಬೀದಿಗೆ ಬಂದ ಶಾಲಿನವರನ್ನು ಅನುಮಾನದಿಂದ ನೋಡಿದವರೂ ಇದ್ದರು, ಕರೆದು ಚಹಾ ಕೊಟ್ಟವರೂ ಇದ್ದರು.

ಈಚಿನ ವರ್ಷಗಳ ಇನ್ನೊಂದು ಆತಂಕ ಹಿಮವೇ ಬಾರದಿರುವುದು. 2024ರ ಜನವರಿಯಲ್ಲಿ, ಚಿಲ್ಲೈ ಕಲಾನ್‌ನ ನಡುಮಧ್ಯದಲ್ಲಿ, ಗುಲ್ಮಾರ್ಗ್ ಕಂದು ಹುಲ್ಲು ತೋರಿಸುತ್ತ ನಿಂತಿತ್ತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲವೆಂದು ಮುಂದೂಡಬೇಕಾಯಿತು. ತಡವಾಗಿ ಹಿಮ ಬಿದ್ದು ಮಾರ್ಚ್ 9ರಿಂದ 12ರವರೆಗೆ ಅದು ನಡೆಯಿತು. ಸಾಹೇಬರ ಈಸ್ಟರ್ ಕೂಟ ರಜೆಯ ಅನುಕೂಲಕ್ಕೆ ವಸಂತಕ್ಕೆ ಬಿದ್ದಿತ್ತು. ಈಗ ಚಳಿಗಾಲದ ಆಟವೇ ವಸಂತದ ಕಡೆ ಸರಿಯುತ್ತಿದೆ. ಚಿಲ್ಲೈ ಕಲಾನ್‌ನ ಹಿಮ ನಿಲ್ಲುತ್ತದೆ, ಆಮೇಲಿನದು ನಿಲ್ಲುವುದಿಲ್ಲ ಎಂದ ರೈತನ ಲೆಕ್ಕ ನೆನಪಿದ್ದರೆ, ಇದು ಸ್ಕೀಯವರ ಚಿಂತೆ ಮಾತ್ರವಲ್ಲ, ಸಾಸಿವೆ ಕೊಯ್ದ ಮೇಲೆ ಭತ್ತ ನೆಡುವವರ ಚಿಂತೆ ಎಂದು ತಿಳಿಯುತ್ತದೆ.

ಆ ಗುಲ್ಮಾರ್ಗಿನ ಕೂಟಗಳಲ್ಲಿ ಕರ್ನಾಟಕಕ್ಕೆ ಪದಕ ತಂದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಅವರದು ಇಳಿಜಾರಿನ ಜಾರುವಿಕೆಯಲ್ಲ, ಬಯಲು ದಿಬ್ಬಗಳ ಮೇಲೆ ಸ್ಕೀ ತುಳಿದುಕೊಂಡು ಕಿಲೋಮೀಟರುಗಟ್ಟಲೆ ಓಡುವ ಬಗೆ. 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಐದು ಕಿಲೋಮೀಟರ್ ಓಟಕ್ಕೆ ಅವರಿಗೆ ಕಂಚು ಬಂತು. 1948ರಲ್ಲಿ ಒಬ್ಬ ಕೊಡಗಿನವರು ಗುಲ್ಮಾರ್ಗಿಗೆ ಹೋದದ್ದು ಸೈನ್ಯ ಕಟ್ಟಿಕೊಂಡು. ಈಕೆ ಹೋದದ್ದು ಬರಿಗೈಲಿ, ಆಟವಾಡಲು.

ಅಫರ್‌ವತ್‌ನಿಂದ ದಾರಿ ಬಿಟ್ಟು ಇಳಿಯುವವರು ಇಷ್ಟಪಡುವ ಒಂದು ಇಳಿತ ದೇವದಾರು, ಪೈನ್ ಕಾಡಿನ ಮೂಲಕ ಬಾಬಾ ರೇಷಿಯ ಕಡೆಗೆ ಸಾಗುತ್ತದೆ. ಅದು ಹದಿನೈದನೇ ಶತಮಾನದ ಸೂಫಿ ಬಾಬಾ ಪಯಾಮುದ್ದೀನ್ ರೇಷಿಯ ದರ್ಗಾ. ಸುಲ್ತಾನ್ ಜೈನುಲ್ ಆಬಿದೀನನ ಆಸ್ಥಾನದಲ್ಲಿದ್ದ ಆತ ಬೇಟೆಗೆ ಹೋದಾಗ ಇರುವೆಗಳು ಚಳಿಗಾಲಕ್ಕೆಂದು ಕಾಳು ಹೊತ್ತು ಸಾಗಿಸುತ್ತಿದ್ದುದನ್ನು ಕಂಡು, ತಾನು ಮುಂದಿನ ಲೋಕಕ್ಕೆ ಏನನ್ನೂ ಕೂಡಿಟ್ಟಿಲ್ಲವಲ್ಲ ಎಂದು ಎಲ್ಲ ಬಿಟ್ಟು ಬಂದನೆಂದು ಜನ ಹೇಳುತ್ತಾರೆ. ಜನವರಿಯಲ್ಲಿ ಸ್ಕೀ ಹಾಕಿದವರು ಹೆಚ್ಚುಕಡಿಮೆ ದರ್ಗಾದ ಸಮೀಪದವರೆಗೂ ಜಾರಿಕೊಂಡು ಬರಬಹುದು. ಏಪ್ರಿಲಿನಲ್ಲಿ ಹಾಗಾಗುವುದಿಲ್ಲ. ಕಾಡಿನ ನಡುವೆಯೇ ಹಿಮ ಮುಗಿದು ಒದ್ದೆ ಮಣ್ಣು, ಬೇರು, ಕಲ್ಲು ಶುರುವಾಗುತ್ತವೆ. ಎಷ್ಟೇ ದೂರದಿಂದ, ಎಷ್ಟೇ ಹಣ ತೆತ್ತು ಬಂದವರಾದರೂ ಅಲ್ಲಿಂದ ಕೆಳಗೆ ಸ್ಕೀ ಬಿಚ್ಚಿ, ತಮ್ಮ ಹೆಗಲ ಮೇಲೆ ತಾವೇ ಹೊತ್ತು ನಡೆಯಬೇಕು.